ಹೌಸಿಂಗ್‌ಗೆ ಯಾವ ಆಯಿಲ್? ಮೊದಲು ಆಕ್ಸಲ್ ಯಾವುದು ಅಂತ ನೋಡಿ

ಕುಮಟಾ ಇರಲಿ, ಶಿರಸಿ ಇರಲಿ, ಆಯಿಲ್ ಅಂಗಡಿಗೆ ಹೋಗಿ "ಹಿಂದಿನ ಹೌಸಿಂಗ್‌ಗೆ ಆಯಿಲ್ ಕೊಡಿ" ಅಂದರೆ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ. "ಯಾವ ಗಾಡಿ ಮಾರಾಯ?" ಗಾಡಿಯ ಹೆಸರು ಹೇಳಿದ ಕೂಡಲೇ ಡಬ್ಬಿ ಮೇಜಿನ ಮೇಲೆ ಬರುತ್ತದೆ. ಹೆಚ್ಚಿನ ಸಲ ಅದು "ನೈಂಟಿ", ಅಂದರೆ 90 ನಂಬರಿನ ಗೇರ್ ಆಯಿಲ್. ದುಡ್ಡು ಕೊಟ್ಟು ಹೊರಡುತ್ತೇವೆ. ಆದರೆ ಹೌಸಿಂಗ್ ಅಂದರೆ ಹಿಂದಿನ ಆಕ್ಸಲ್‌ನ ಹೊರಕವಚ, ಆಯಿಲ್ ಹೋಗಿ ಬೀಳುವುದು ಆಕ್ಸಲ್ ಒಳಗೆ ಅಲ್ವಾ? ಒಂದೇ ಹೆಸರಿನ ಎರಡು ಲಾರಿಗಳ ಕೆಳಗೆ ಎರಡು ಬೇರೆ ಬೇರೆ ಆಕ್ಸಲ್ ಇರಬಹುದು. ಹಾಗಾಗಿ ಅಂಗಡಿಗೆ ಹೋಗುವ ಮೊದಲೇ ಒಮ್ಮೆ ಗಾಡಿ ಕೆಳಗೆ ಬಗ್ಗಿ ನೋಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಕಾರಣ ಘಟ್ಟ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟಾ ಸಮುದ್ರದ ಪಕ್ಕದಲ್ಲೇ ಇದೆ. ನಡುವೆ ದೇವಿಮನೆ ಘಟ್ಟ. ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್, ಕಾರವಾರದಿಂದ ಜೋಯಿಡಾಕ್ಕೆ ಅಣಶಿ, ಹೊನ್ನಾವರದಿಂದ ಸಾಗರಕ್ಕೆ ಗೇರುಸೊಪ್ಪೆ. ಲೋಡ್ ಹೊತ್ತ ಲಾರಿ ಈ ಏರು ಹತ್ತುವಾಗ ಎಂಜಿನ್‌ನ ಅಷ್ಟೂ ಶಕ್ತಿ ಹಿಂದಿನ ಆಕ್ಸಲ್ ಒಳಗಿನ ಕೆಲವೇ ಹಲ್ಲಿನ ಮೇಲೆ ಕೂತಿರುತ್ತದೆ. ಇಳಿಯುವಾಗ ಎಂಜಿನ್ ಬ್ರೇಕ್ ಹಾಕಿದರೆ ಅದೇ ಹಲ್ಲುಗಳ ಇನ್ನೊಂದು ಮಗ್ಗುಲಿಗೆ ಭಾರ ಬೀಳುತ್ತದೆ. ಬಯಲು ಸೀಮೆಯಲ್ಲಿ ತಪ್ಪು ಆಯಿಲ್ ವರ್ಷಗಟ್ಟಲೆ ಸುಮ್ನೆ ಸಾಗಬಹುದು. ಇಲ್ಲಿ ಅದು ಬೇಗ ಬಯಲಾಗುತ್ತದೆ.

ಒಳಗೆ ಏನಿದೆ

ಗೇರ್‌ಬಾಕ್ಸ್‌ನಿಂದ ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ ಬರುತ್ತದೆ. ಅದರ ತುದಿಯಲ್ಲಿ ಸಣ್ಣ ಹಲ್ಲುಗಾಲಿ, ಅದು ಪಿನಿಯನ್. ಪಿನಿಯನ್ ತಿರುಗಿಸುವ ದೊಡ್ಡ ಗಾಲಿ ಕ್ರೌನ್. ಈ ಜೋಡಿ ಎರಡು ಕೆಲಸ ಮಾಡುತ್ತದೆ. ಉದ್ದಕ್ಕೆ ಬಂದ ತಿರುಗಾಟವನ್ನು ಅಡ್ಡಕ್ಕೆ ತಿರುಗಿಸುತ್ತದೆ, ಜೊತೆಗೆ ವೇಗ ಇಳಿಸಿ ಬಲ ಏರಿಸುತ್ತದೆ. ಕ್ರೌನ್‌ಗೆ ಕಟ್ಟಿರುವ ಡಬ್ಬಿಯೊಳಗೆ ನಾಲ್ಕು ಚಿಕ್ಕ ಸ್ಟಾರ್ ಪಿನಿಯನ್, ಅವಕ್ಕೆ ಎರಡೂ ಕಡೆ ಸನ್ ಗೇರ್ ಇರುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್. ದೇವಿಮನೆಯ ತಿರುವುಗಳಲ್ಲಿ ಅದಕ್ಕೆ ಬಿಡುವೇ ಇಲ್ಲ.

ಆಯಿಲ್ ಆಯ್ಕೆಗೆ ತಿಳಿದಿರಲೇಬೇಕಾದ ಸಂಗತಿ ಕ್ರೌನ್-ಪಿನಿಯನ್ ಕೂರುವ ರೀತಿ. ಸ್ಪೈರಲ್ ಬೆವೆಲ್ ಜೋಡಿಯಲ್ಲಿ ಪಿನಿಯನ್‌ನ ನಡುಗೆರೆ ಕ್ರೌನ್‌ನ ನಡುಗೆರೆಗೆ ನೇರ ಬಂದು ಸೇರುತ್ತದೆ. ಹೈಪಾಯ್ಡ್ ಜೋಡಿಯಲ್ಲಿ ಪಿನಿಯನ್ ಆ ಗೆರೆಗಿಂತ ಪಕ್ಕಕ್ಕೆ, ಸಾಮಾನ್ಯವಾಗಿ ಕೆಳಕ್ಕೆ, ಸರಿದು ಕೂತಿರುತ್ತದೆ. ಇದರಿಂದ ಪಿನಿಯನ್ ದಪ್ಪ ಮಾಡಬಹುದು, ಒಂದೇ ಸಲಕ್ಕೆ ಹೆಚ್ಚು ಹಲ್ಲು ಕಚ್ಚುತ್ತದೆ, ಸದ್ದು ಕಡಿಮೆ. ಇದಕ್ಕೊಂದು ಬೆಲೆ ಇದೆ. ಹಲ್ಲುಗಳು ಒಂದರ ಮೇಲೊಂದು ಉರುಳುವ ಜೊತೆಗೆ ಉದ್ದಕ್ಕೂ ಜಾರುತ್ತವೆ. ಎರಡು ಅಂಗೈ ಒತ್ತಿ ಹಿಡಿದು ಜೋರಾಗಿ ಉಜ್ಜಿ ನೋಡಿ, ಬಿಸಿ ತಕ್ಷಣ ಗೊತ್ತಾಗುತ್ತದೆ. ಹೈಪಾಯ್ಡ್ ಹಲ್ಲುಗಳು ಟನ್‌ಗಟ್ಟಲೆ ಒತ್ತಡದಲ್ಲಿ ಮಾಡುವುದು ಅದನ್ನೇ. ಬರೀ ದಪ್ಪ ಎಣ್ಣೆ ಆ ಒತ್ತಡದಲ್ಲಿ ನಡುವೆ ನಿಲ್ಲುವುದಿಲ್ಲ, ಹಿಂಡಿ ಹೊರಗೆ ಹೋಗುತ್ತದೆ.

ಈಗಿನ ಲಾರಿಗಳಲ್ಲಿ ಬಹುಪಾಲು ಹೈಪಾಯ್ಡ್. ಟಾಟಾ ಲಾರಿಗಳ ಪುಸ್ತಕದಲ್ಲಿ ಆರ್‌ಎ 109 ಆರ್‌ಆರ್ ಎಂಬ ಆಕ್ಸಲ್ ಹೆಸರಿನ ಮುಂದೆ ಸಿಂಗಲ್ ರಿಡಕ್ಷನ್, ಹೈಪಾಯ್ಡ್ ಗೇರ್, ಫುಲ್ ಫ್ಲೋಟಿಂಗ್ ಶಾಫ್ಟ್ ಅಂತ ಬರೆದಿರುತ್ತದೆ. ಈ ಮೂರು ಮಾತು ಅರ್ಥವಾದರೆ ಅರ್ಧ ಕೆಲಸ ಮುಗಿಯಿತು. ಸಿಂಗಲ್ ರಿಡಕ್ಷನ್ ಅಂದರೆ ವೇಗ ಇಳಿಸುವುದು ಕ್ರೌನ್-ಪಿನಿಯನ್ ಒಂದರಲ್ಲೇ. ಫುಲ್ ಫ್ಲೋಟಿಂಗ್ ಎಂದರೇನು ಎಂಬುದನ್ನು ಮುಂದೆ ನೋಡೋಣ.

ಯಾವ ಆಕ್ಸಲ್ ಅಂತ ಪತ್ತೆ ಹಚ್ಚುವುದು

ಮೊದಲು ಕಾಗದ. ಹೊಸ ಗಾಡಿಯಾದರೆ ಮಾಲೀಕರ ಪುಸ್ತಕದಲ್ಲಿ ಆಕ್ಸಲ್ ಹೆಸರು, ರೇಶಿಯೋ (ಕ್ರೌನ್ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ), ಆಯಿಲ್ ಅಳತೆ ಎಲ್ಲ ಇರುತ್ತದೆ. ಚಾಸಿಸ್ ನಂಬರ್ ಹೇಳಿದರೆ ಕಂಪನಿಯ ಪಾರ್ಟ್ಸ್ ಕೌಂಟರ್‌ನಲ್ಲಿ ಕಾರ್ಖಾನೆಯಿಂದ ಯಾವ ಆಕ್ಸಲ್ ಹಾಕಿ ಕಳಿಸಿದರು ಅಂತ ತೆಗೆದು ಹೇಳುತ್ತಾರೆ.

ಗಾಡಿಯ ಹೆಸರನ್ನು ಮಾತ್ರ ನಂಬಬೇಡಿ. ಟಾಟಾದ 2518 ಎಂಬ ಹೆಸರಿನಲ್ಲಿ 25 ಒಟ್ಟು ತೂಕದ ಟನ್, 18 ಎಂಜಿನ್‌ನ ಸುಮಾರು 180 ಅಶ್ವಶಕ್ತಿ. ಆಕ್ಸಲ್ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಮೇಲಾಗಿ 2018ರ ಜುಲೈನಲ್ಲಿ ಕೇಂದ್ರ ಸರಕಾರ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25ರಿಂದ 28.5 ಟನ್‌ಗೆ ಹೋಯಿತು. ಹೊರಗಿನಿಂದ ಒಂದೇ ತರ ಕಾಣುವ ಹಳೆಯ ಲಾರಿ ಮತ್ತು ಹೊಸ ಲಾರಿಯ ಕೆಳಗೆ ಒಂದೇ ಸಾಮಾನು ಇರುತ್ತದೆ ಅಂದುಕೊಳ್ಳಲು ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಲಾರಿಯಾದರೆ ಕಾಗದವೂ ಸಾಲದು. 2000ದ ದಶಕದಲ್ಲಿ ಹೊಸಪೇಟೆ, ಸಂಡೂರು ಕಡೆಯಿಂದ ಅದಿರು ಹೊತ್ತ ಲಾರಿಗಳು ಅರಬೈಲ್ ಇಳಿದು ಬೇಲೇಕೇರಿ, ಕಾರವಾರ ಬಂದರಿಗೆ ಬರುತ್ತಿದ್ದ ಕಾಲ ನೆನಪಿರಬಹುದು. ಹಾಗೆ ದುಡಿದ ಗಾಡಿಗಳು ಕೈಯಿಂದ ಕೈಗೆ ಹೋಗುತ್ತವೆ. ಕ್ರೌನ್-ಪಿನಿಯನ್ ಹೋದಾಗ ಗುಜರಿಯಲ್ಲಿ ಸಿಕ್ಕ ಕ್ಯಾರಿಯರ್ (ಕ್ರೌನ್-ಪಿನಿಯನ್ ಕೂರುವ ಚೌಕಟ್ಟು) ತಂದು ಕೂರಿಸುತ್ತಾರೆ. ಕೆಲವರು ಬೇಕೆಂದೇ ರೇಶಿಯೋ ಬದಲಿಸುತ್ತಾರೆ, ಘಟ್ಟಕ್ಕೆ ಎಳೆತ ಬೇಕು ಅಂತಲೋ ಹೈವೇಯಲ್ಲಿ ಡೀಸೆಲ್ ಉಳಿಸಬೇಕು ಅಂತಲೋ. ಪುಸ್ತಕ ಒಂದು ಹೇಳಿದರೆ ಕೆಳಗಿರುವುದು ಇನ್ನೊಂದು.

ಹಾಗಾದರೆ ಎರಡನೆಯ ಸಾಕ್ಷಿ ಆಕ್ಸಲ್ ಮೇಲಿನ ಪ್ಲೇಟ್. ಅಶೋಕ್ ಲೇಲ್ಯಾಂಡ್ ಮತ್ತು ಇನ್ನೂ ಕೆಲವರ ಲಾರಿಗಳಲ್ಲಿ ಅಮೆರಿಕದ ಮೆರಿಟಾರ್ ಕಂಪನಿ ವಿನ್ಯಾಸದ ಆಕ್ಸಲ್ ಇರುತ್ತದೆ. ಅವು ತಯಾರಾಗುವುದು ನಮ್ಮ ಮೈಸೂರಿನಲ್ಲೇ. ಆಟೋಮೋಟಿವ್ ಆಕ್ಸಲ್ಸ್ ಎಂಬ ಆ ಕಂಪನಿ 1981ರಲ್ಲಿ ಶುರುವಾಯಿತು, ಕಲ್ಯಾಣಿ ಗುಂಪು ಮತ್ತು ಮೆರಿಟಾರ್ ಸೇರಿ ನಡೆಸುವಂಥದ್ದು. ಮೆರಿಟಾರ್ ಪ್ಲೇಟ್‌ನಲ್ಲಿ ಮಾಡೆಲ್, ಸೀರಿಯಲ್ ನಂಬರ್, ರೇಶಿಯೋ ಇರುತ್ತವೆ. ಅಮೆರಿಕದ ಲಾರಿಗಳ ಮಾಡೆಲ್ ಒಂದನ್ನು ಓದಿ ನೋಡೋಣ: ಆರ್‌ಟಿ-40-145. ಟಿ ಅಂದರೆ ಜೋಡಿ ಆಕ್ಸಲ್. 40 ಅಂದರೆ 40 ಸಾವಿರ ಪೌಂಡ್, ನಮ್ಮ ಲೆಕ್ಕದಲ್ಲಿ 18 ಟನ್ ಹೊರುವ ಶಕ್ತಿ. 145 ಒಳಗಿನ ಕ್ಯಾರಿಯರ್‌ನ ನಂಬರ್. ಕ್ರೌನ್-ಪಿನಿಯನ್ ತರಿಸುವಾಗ ಬೇಕಾಗುವುದು ಈ ಕೊನೆಯ ಸಂಖ್ಯೆ.

ಕರಾವಳಿಯಲ್ಲಿ ಆ ಪ್ಲೇಟ್ ಸಿಗುವುದೇ ಕಷ್ಟ. ಕಾರವಾರದ ಬೈತಖೋಲ ಬಂದರಿನಿಂದ ಮೀನು ಹೊರುವ ಗಾಡಿಗಳಲ್ಲಿ ಐಸಿನ ಉಪ್ಪುನೀರು ದಿನವಿಡೀ ಹಿಂದಿನ ಆಕ್ಸಲ್ ಮೇಲೆ ಸುರಿಯುತ್ತದೆ. ಪ್ಲೇಟ್ ತುಕ್ಕು ತಿಂದು, ಅದರ ಮೇಲೆ ಪೇಂಟು, ಅದರ ಮೇಲೆ ಕೆಂಪು ಮಣ್ಣು. ಇದನ್ನು ವೈರ್ ಬ್ರಷ್‌ನಲ್ಲಿ ತಿಕ್ಕಬೇಡಿ, ಅಚ್ಚು ತೆಳ್ಳಗಿರುತ್ತದೆ, ಅಕ್ಷರವೇ ಹೋಗಿಬಿಡುತ್ತದೆ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಒಂದಷ್ಟು ಹೊತ್ತು ಅಂಟಿಸಿಟ್ಟು ಮೆಲ್ಲಗೆ ಒರೆಸಿ. ಒಣಗಿದ ಮೇಲೆ ಬಿಳಿ ಸೀಮೆಸುಣ್ಣ ತಿಕ್ಕಿ ಕೈಯಲ್ಲಿ ಸವರಿದರೆ ಗುಂಡಿಯಲ್ಲಿ ಸುಣ್ಣ ಉಳಿದು ಅಕ್ಷರ ಎದ್ದು ಕಾಣುತ್ತದೆ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ ಅಂಕಿ ಫೋಟೋದಲ್ಲಿ ದೊಡ್ಡದು ಮಾಡಿದಾಗ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಆಕ್ಸಲ್ ಗುರುತಿಸುವ ಪಾಠ ಬೇಕಾದಷ್ಟಿದೆ, ಬಹುತೇಕ ಅಮೆರಿಕದ ಪಿಕಪ್‌ಗಳದ್ದು. ಅಲ್ಲಿ ಹಿಂದಿನ ಮುಚ್ಚಳದ ಆಕಾರ ನೋಡಿ, ಬೋಲ್ಟ್ ಎಣಿಸಿ ಆಕ್ಸಲ್ ಹೇಳುತ್ತಾರೆ. ಫೋರ್ಡ್ ಗಾಡಿಯಲ್ಲಿ ಬಾಗಿಲ ಕಂಬದ ಚೀಟಿಯಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಜನರಲ್ ಮೋಟಾರ್ಸ್ ಗಾಡಿಯ ಚೀಟಿಯಲ್ಲಿ ಜಿ80 ಅಂತ ಇದ್ದರೆ ಅದು ಲಾಕ್ ಆಗುವ ಡಿಫರೆನ್ಷಿಯಲ್. ಅಲ್ಲಿ ಅದು ಸರಿ. ನಮ್ಮ ಲಾರಿಗಳ ಹೌಸಿಂಗ್ ಬ್ಯಾಂಜೋ ಮಾದರಿಯದ್ದು. ಹಿಂದಿನ ಉಬ್ಬು ಬೆಸುಗೆ ಹಾಕಿ ಮುಚ್ಚಿರುತ್ತದೆ, ಬಿಚ್ಚುವ ಮುಚ್ಚಳ ಇರುವುದಿಲ್ಲ. ಕ್ರೌನ್-ಪಿನಿಯನ್ ಕೂತ ಕ್ಯಾರಿಯರ್ ಮುಂದಿನಿಂದ, ಪ್ರೊಪೆಲ್ಲರ್ ಕಡೆಯಿಂದ, ಹೊರಗೆ ಬರುತ್ತದೆ. ಹಿಂದೆ ಎಣಿಸಲು ಬೋಲ್ಟೇ ಇಲ್ಲ.

ಪ್ಲೇಟ್ ಸಿಗಲಿಲ್ಲ ಅಂದರೆ ರೇಶಿಯೋ ಅಳೆಯಬೇಕು. ಕ್ಯಾರಿಯರ್ ಹೇಗೂ ಕೆಳಗಿಳಿದಿದ್ದರೆ ಸುಲಭ. ಕ್ರೌನ್‌ನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ, ಆಮೇಲೆ ಪಿನಿಯನ್ ಎಣಿಸಿ, ಭಾಗಿಸಿ. ಕ್ರೌನ್ 41, ಪಿನಿಯನ್ 7 ಇದ್ದರೆ 5.857. ಪಿನಿಯನ್ 6 ಇದ್ದರೆ 6.83. ಕ್ರೌನ್ 37, ಪಿನಿಯನ್ 6 ಇದ್ದರೆ 6.17. ಹಲ್ಲಿನ ಸಂಖ್ಯೆಯನ್ನು ಕ್ರೌನ್ ಅಂಚಿನಲ್ಲೂ ಪಿನಿಯನ್ ತುದಿಯಲ್ಲೂ ಕೊರೆದಿರುತ್ತಾರೆ, ಜೊತೆಗೆ ಜೋಡಿಯ ನಂಬರೂ ಇರುತ್ತದೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಇಲ್ಲದಿದ್ದರೆ ಯಾರೋ ಬೇರೆ ಬೇರೆ ಜೋಡಿಯದ್ದನ್ನು ಸೇರಿಸಿದ್ದಾರೆ ಎಂದೇ ಅರ್ಥ. ಅಂಥ ಜೋಡಿಗೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಊಳಿಡುವುದು ನಿಲ್ಲುವುದಿಲ್ಲ.

ಬಿಚ್ಚದೆಯೂ ಅಳೆಯಬಹುದು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಅಡ್ಡ ಇಡಿ. ಇದನ್ನು ಬಿಟ್ಟು ಮುಂದಿನ ಕೆಲಸ ಮಾಡಲೇಬೇಡಿ. ಏರ್ ಬ್ರೇಕ್ ಲಾರಿಯ ಪಾರ್ಕಿಂಗ್ ಬ್ರೇಕ್ ಹಿಂದಿನ ಚಕ್ರಗಳ ಮೇಲೇ ಇರುತ್ತದೆ. ಚಕ್ರ ತಿರುಗಿಸಲು ಅದನ್ನು ಬಿಡಬೇಕು, ಬಿಟ್ಟ ಮೇಲೆ ಗಾಡಿಯನ್ನು ಹಿಡಿಯುವುದು ಆ ಮರದ ತುಂಡುಗಳು ಮಾತ್ರ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಒಂದು ಬದಿಯ ಚಕ್ರ ಮಾತ್ರ ಜಾಕಿಯಲ್ಲಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಇನ್ನೊಂದು ಬದಿ ನೆಲದ ಮೇಲೇ ಇರಲಿ. ಎತ್ತಿದ ಚಕ್ರ ಎರಡು ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು ತಿರುಗುತ್ತದೆ, ಏಕೆಂದರೆ ಇನ್ನೊಂದು ಚಕ್ರ ನಿಂತಿದೆ. ಒಬ್ಬರು ಚಕ್ರ ತಿರುಗಿಸಿ, ಇನ್ನೊಬ್ಬರು ಪ್ರೊಪೆಲ್ಲರ್ ಮೇಲೆ ಗುರುತು ಹಾಕಿ ಎಣಿಸಲಿ. ಚಕ್ರದ 20 ಸುತ್ತಿಗೆ ಪ್ರೊಪೆಲ್ಲರ್ 58 ಸುತ್ತು ದಾಟಿ ಇನ್ನೊಂದು ಅರ್ಧ ತಿರುಗಿದರೆ ಅದು 5.857. 68 ದಾಟಿದರೆ 6.83. ಎರಡು ಸುತ್ತಿಗೇ ಎಣಿಸಿ ನಿಲ್ಲಿಸಿದರೆ ಹತ್ತಿರದ ಎರಡು ರೇಶಿಯೋಗಳ ನಡುವೆ ಗೊಂದಲ ಆಗುತ್ತದೆ, ಅದಕ್ಕೇ 20.

ಓಡಿಸುತ್ತಲೇ ಅಂದಾಜು ಮಾಡುವ ದಾರಿಯೂ ಇದೆ. ಟಾಪ್ ಗೇರ್ ನೇರ ಇರುವ, ಅಂದರೆ ಎಂಜಿನ್ ತಿರುಗಿದಷ್ಟೇ ಪ್ರೊಪೆಲ್ಲರ್ ತಿರುಗುವ, ಗಾಡಿಗೆ ಮಾತ್ರ ಇದು ಹೊಂದುತ್ತದೆ, ಓವರ್‌ಡ್ರೈವ್ ಇದ್ದರೆ ಲೆಕ್ಕ ತಪ್ಪುತ್ತದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1000 ಮೀಟರ್. 10.00-20 ಟೈರಿನ ಒಂದು ಸುತ್ತು ಸುಮಾರು 3.2 ಮೀಟರ್. ಚಕ್ರ ನಿಮಿಷಕ್ಕೆ 312 ಸುತ್ತು ತಿರುಗಬೇಕು. ಆಗ ಎಂಜಿನ್ ಮೀಟರ್ 1830ರ ಹತ್ತಿರ ನಿಂತರೆ ರೇಶಿಯೋ 5.857, 2130ರ ಹತ್ತಿರ ಇದ್ದರೆ 6.83. ಘಟ್ಟದ ಗಾಡಿ ಹೈವೇಯಲ್ಲಿ ಯಾಕೆ ಜಾಸ್ತಿ ಡೀಸೆಲ್ ಕುಡಿಯುತ್ತದೆ ಅನ್ನುವುದಕ್ಕೂ ಉತ್ತರ ಈ ಲೆಕ್ಕದಲ್ಲೇ ಇದೆ. ಅದೇ ವೇಗಕ್ಕೆ ಎಂಜಿನ್ ನಿಮಿಷಕ್ಕೆ 300 ಸುತ್ತು ಜಾಸ್ತಿ ದುಡಿಯುತ್ತಿದೆ.

ಇನ್ನು ಕಣ್ಣಿಗೆ ಕಾಣುವ ಗುರುತುಗಳು. ಚಕ್ರದ ನಡುವೆ ದುಂಡನೆಯ ಫ್ಲೇಂಜ್, ಸುತ್ತ ಸಾಲಾಗಿ ನಟ್ಟು ಇದ್ದರೆ ಫುಲ್ ಫ್ಲೋಟಿಂಗ್. ಗಾಡಿಯ ಭಾರ ಹೊರುವುದು ಹೌಸಿಂಗ್ ಮತ್ತು ಹಬ್ ಬೇರಿಂಗ್, ಶಾಫ್ಟ್‌ಗೆ ತಿರುಗಿಸುವ ಕೆಲಸ ಮಾತ್ರ. ಚಕ್ರ ಎತ್ತದೆಯೇ ಶಾಫ್ಟ್ ಎಳೆದು ತೆಗೆಯಬಹುದು. ಅನೇಕ ಸಣ್ಣ ಪಿಕಪ್‌ಗಳಲ್ಲಿ ಆ ಫ್ಲೇಂಜ್ ಇರುವುದಿಲ್ಲ, ಅವು ಸೆಮಿ ಫ್ಲೋಟಿಂಗ್. ಹತ್ತು ಚಕ್ರದ ಲಾರಿಯಲ್ಲಿ ಎರಡನೆಯ ಹಿಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಹೋಗಿದೆಯಾ ನೋಡಿ. ಹೋಗಿರದಿದ್ದರೆ ಅದು ಭಾರ ಹೊರುವ ಆಕ್ಸಲ್ ಮಾತ್ರ, ಅದಕ್ಕೆ ಡಿಫರೆನ್ಷಿಯಲ್ ಆಯಿಲ್ ಬೇಡ. ಹೋಗಿದ್ದರೆ ಎರಡು ಡಿಫರೆನ್ಷಿಯಲ್, ಎರಡಕ್ಕೂ ಬೇರೆ ಬೇರೆ ಆಯಿಲ್ ಅಳತೆ. ಮುಂದಿನದರಲ್ಲಿ ಎರಡು ಆಕ್ಸಲ್‌ಗಳ ನಡುವಿನ ಇನ್ನೊಂದು ಡಿಫರೆನ್ಷಿಯಲ್ ಕೂಡ ಕೂತಿರುತ್ತದೆ, ಅದಕ್ಕೆ ಆಯಿಲ್ ಜಾಸ್ತಿ ಬೇಕು.

ಕ್ವಾರಿ ಟಿಪ್ಪರ್‌ಗಳಲ್ಲಿ ಹಬ್ ಉಬ್ಬಿಕೊಂಡು ಹೊರಗೆ ಬಂದು, ಅದರ ಮುಖದಲ್ಲೇ ಒಂದು ಪ್ಲಗ್ ಇದ್ದರೆ ಅದು ಹಬ್ ರಿಡಕ್ಷನ್. ಒಳಗೆ ಇನ್ನೊಂದು ಗೇರ್ ಸೆಟ್ ಇದೆ. ಅಲ್ಲಿಯೂ ಆಯಿಲ್ ನೋಡಬೇಕು. ಹೌಸಿಂಗ್ ತುಂಬಿಸಿ ಹಬ್ ಮರೆತರೆ ಹಬ್ ಒಣಗಿ ಸುಡುತ್ತದೆ.

ಡಬ್ಬಿಯ ಮೇಲೆ ಏನು ಓದಬೇಕು

ಡಬ್ಬಿಯ ಮೇಲೆ ಎರಡು ಸಂಗತಿ ಮುಖ್ಯ. ಒಂದು ಜಿಎಲ್ ನಂಬರ್, ಇನ್ನೊಂದು ದಪ್ಪದ ನಂಬರ್. ನನ್ನ ಪ್ರಕಾರ ಇದೇ ಕ್ರಮದಲ್ಲಿ ನೋಡಬೇಕು, ಕಂಪನಿ ಹೆಸರು ಆಮೇಲೆ. ನಮ್ಮಲ್ಲಿ ಎಲ್ಲರೂ ಉಲ್ಟಾ ನೋಡುತ್ತಾರೆ.

ಜಿಎಲ್ ನಂಬರ್ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಟ್ಟದ್ದು. ಆಯಿಲ್ ಎಷ್ಟು ಒತ್ತಡ ತಾಳುತ್ತದೆ ಅಂತ ಅದು ಹೇಳುತ್ತದೆ. ನಮಗೆ ಬೇಕಾಗುವುದು ಜಿಎಲ್-4 ಮತ್ತು ಜಿಎಲ್-5. ಎರಡರಲ್ಲೂ ಗಂಧಕ ಮತ್ತು ರಂಜಕದ ಮದ್ದು ಬೆರೆಸಿರುತ್ತಾರೆ. ಹಲ್ಲುಗಳು ಉಜ್ಜಿ ಬಿಸಿಯಾದ ಜಾಗದಲ್ಲಿ ಈ ಮದ್ದು ಕಬ್ಬಿಣದ ಜೊತೆ ಸೇರಿ ತೆಳುವಾದ ಪದರ ಕಟ್ಟುತ್ತದೆ. ಎಣ್ಣೆ ಹಿಂಡಿ ಹೋದರೂ ಆ ಪದರ ಸವೆಯುತ್ತದೆ, ಹಲ್ಲು ಉಳಿಯುತ್ತದೆ. ಜಿಎಲ್-5ರಲ್ಲಿ ಈ ಮದ್ದು ಜಿಎಲ್-4ರ ಹೆಚ್ಚುಕಡಿಮೆ ಇಮ್ಮಡಿ. ಹೈಪಾಯ್ಡ್ ಆಕ್ಸಲ್‌ಗೆ ಬೇಕಾಗಿರುವುದು ಜಿಎಲ್-5. ಇದರಲ್ಲಿ ರಾಜಿ ಇಲ್ಲ.

ಎಡವುವುದು ಎಲ್ಲಿ ಅಂದರೆ ಡಬ್ಬಿಯ ಮೇಲೆ ದೊಡ್ಡದಾಗಿ "ಇಪಿ 90" ಅಂತ ಇರುತ್ತದೆ. ಇಪಿ ಅಂದರೆ ಹೆಚ್ಚು ಒತ್ತಡ ತಾಳುವ ಆಯಿಲ್ ಅಂತಷ್ಟೇ ಅರ್ಥ. ಇಪಿ 90 ಹೆಸರಿನ ಡಬ್ಬಿಗಳಲ್ಲಿ ಜಿಎಲ್-4 ಕೂಡ ಇದೆ, ಜಿಎಲ್-5 ಕೂಡ ಇದೆ. ಅದನ್ನು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಡಬ್ಬಿ ತಿರುಗಿಸಿ ಓದದೆ ತರಬೇಡಿ. "ನೈಂಟಿ ಕೊಡಿ" ಅಂದರೆ ಅರ್ಧ ಮಾತು ಹೇಳಿದ ಹಾಗಾಯಿತು. "ಜಿಎಲ್-5 ನೈಂಟಿ ಕೊಡಿ" ಅನ್ನಬೇಕು.

ಹಾಗಂತ ಜಿಎಲ್-5 ಒಳ್ಳೆಯದು, ಗೇರ್‌ಬಾಕ್ಸ್‌ಗೂ ಅದೇ ಇರಲಿ ಅಂದುಕೊಂಡರೆ ಕೆಟ್ಟಿತು. ಗೇರ್‌ಬಾಕ್ಸ್‌ನ ಸಿಂಕ್ರೋ ರಿಂಗ್‌ಗಳು (ಗೇರ್ ಬದಲಿಸುವಾಗ ವೇಗ ಹೊಂದಿಸುವ ಉಂಗುರಗಳು) ಸಾಮಾನ್ಯವಾಗಿ ಹಿತ್ತಾಳೆಯವು. ಬಿಸಿಯಲ್ಲಿ ಜಿಎಲ್-5ರ ಗಂಧಕ ಹಿತ್ತಾಳೆಯನ್ನು ತಿನ್ನಬಹುದು, ಜೊತೆಗೆ ಸಿಂಕ್ರೋ ಹಿಡಿಯಲು ಬೇಕಾದ ಘರ್ಷಣೆಯೂ ಕಡಿಮೆಯಾಗಬಹುದು. ಒಂದು ಡ್ರಮ್ ಆಯಿಲ್ ತಂದು ಗೇರ್‌ಬಾಕ್ಸ್‌ಗೂ ಹೌಸಿಂಗ್‌ಗೂ ಸುರಿಯುವ ಅಭ್ಯಾಸ ನಿಲ್ಲಬೇಕು. ಗೇರ್‌ಬಾಕ್ಸ್‌ಗೆ ಅದರ ಪುಸ್ತಕ ಏನು ಹೇಳುತ್ತದೋ ಅದು.

ಈಗ ದಪ್ಪದ ನಂಬರ್. 80ಡಬ್ಲ್ಯು-90, 85ಡಬ್ಲ್ಯು-140, 75ಡಬ್ಲ್ಯು-90. "ಎಂಜಿನ್ ಆಯಿಲ್ 40, ಇದು 90, ಹಾಗಾದರೆ ಎರಡು ಪಟ್ಟು ದಪ್ಪ" ಅಂತ ತುಂಬ ಜನ ಅಂದುಕೊಂಡಿದ್ದಾರೆ. ಇವು ಎರಡು ಬೇರೆ ಅಳತೆಕೋಲು. ಗೇರ್ ಆಯಿಲ್ 90ರ ದಪ್ಪ 100 ಡಿಗ್ರಿ ಬಿಸಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್. ಎಂಜಿನ್ ಆಯಿಲ್ 40ರದ್ದು 12.5ರಿಂದ 16.3. ಹೆಚ್ಚುಕಡಿಮೆ ಒಂದೇ. 140 ಮಾತ್ರ ನಿಜಕ್ಕೂ ದಪ್ಪ, 24ರಿಂದ 32.5. ಹಾಗಾದರೆ ಎಂಜಿನ್ ಆಯಿಲನ್ನೇ ಹೌಸಿಂಗ್‌ಗೆ ಹಾಕಬಹುದಲ್ಲ ಅಂತ ಕೇಳಬಹುದು. ದಪ್ಪ ಸರಿಹೋದರೂ ಜಿಎಲ್-5ರ ಮದ್ದು ಅದರಲ್ಲಿಲ್ಲ. ಹೈಪಾಯ್ಡ್ ಹಲ್ಲು ಲೋಡ್ ಮೇಲೆ ಒಂದೇ ಘಟ್ಟಕ್ಕೆ ಕಿತ್ತು ಬರಬಹುದು.

ಡಬ್ಲ್ಯು ಎದುರಿನ ನಂಬರ್ ಚಳಿಗೆ ಸಂಬಂಧಿಸಿದ್ದು. 85ಡಬ್ಲ್ಯು ಮೈನಸ್ 12 ಡಿಗ್ರಿಯಲ್ಲಿ ಪರೀಕ್ಷೆ ಪಾಸಾಗಬೇಕು, 80ಡಬ್ಲ್ಯು ಮೈನಸ್ 26ರಲ್ಲಿ, 75ಡಬ್ಲ್ಯು ಮೈನಸ್ 40ರಲ್ಲಿ. ಕಾರವಾರದಲ್ಲಿ ಅದರ ಚಿಂತೆಯೇ ಬೇಡ. ನಮಗೆ ಮುಖ್ಯ ಡಬ್ಲ್ಯು ಆದ ಮೇಲೆ ಬರುವ ನಂಬರ್.

90 ಹಾಕಬೇಕಾ, 140 ಹಾಕಬೇಕಾ? ಮೊದಲ ಉತ್ತರ ಪುಸ್ತಕದ್ದು. ಪುಸ್ತಕ ಎರಡಕ್ಕೂ ಒಪ್ಪಿದ್ದರೆ ಕೆಲಸ ನೋಡಿ ನಿರ್ಧರಿಸಿ. ಚಿರೆಕಲ್ಲು, ಜಲ್ಲಿ ತುಂಬಿ ದಿನವೂ ನಿಧಾನಕ್ಕೆ ಘಟ್ಟ ಹತ್ತುವ ಹಳೆಯ ಗಾಡಿಗೆ 85ಡಬ್ಲ್ಯು-140 ಸರಿ. ಬಿಸಿಯಲ್ಲಿ ಹಲ್ಲುಗಳ ನಡುವೆ ದಪ್ಪ ಪದರ ಉಳಿಯುತ್ತದೆ. ಭಟ್ಕಳದಿಂದ ಗೋವಾಕ್ಕೆ ಹೈವೇಯಲ್ಲೇ ಓಡುವ ಗಾಡಿಗೆ 80ಡಬ್ಲ್ಯು-90 ಸಾಕು. ಅಲ್ಲಿ 140 ಹಾಕಿದರೆ ದಪ್ಪ ಆಯಿಲನ್ನು ಕಡೆಯುವುದಕ್ಕೇ ಶಕ್ತಿ ಹೋಗುತ್ತದೆ, ಆಯಿಲ್ ಸುಮ್ನೆ ಬಿಸಿಯಾಗುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ. ಊಳಿಡುವ ಸದ್ದು ಅಡಗಿಸಲು 140 ಹಾಕುವುದು ಬೇಡವೇ ಬೇಡ. ಸದ್ದು ಅಡಗಿದರೂ ಸವೆತ ಮುಂದುವರಿಯುತ್ತಲೇ ಇರುತ್ತದೆ. ಹಳೆಯ ಗಾಡಿ ಮಾರುವವರು ಇದೇ ಉಪಾಯ ಮಾಡುವುದುಂಟು. ಗಾಡಿ ಕೊಳ್ಳುವಾಗ ಹೌಸಿಂಗ್ ಪ್ಲಗ್ ಬಿಚ್ಚಿ ಆಯಿಲ್ ಬೆರಳಲ್ಲಿ ಉಜ್ಜಿ ನೋಡಿ. ವಿಪರೀತ ದಪ್ಪ ಇದ್ದರೆ ಟ್ರಯಲ್‌ಗೆ ಘಟ್ಟಕ್ಕೇ ಒಯ್ಯಿರಿ.

ಬಿಎಸ್-6 ಲಾರಿಗಳಲ್ಲಿ ಹಲವಕ್ಕೆ ಕಾರ್ಖಾನೆಯಿಂದಲೇ ಸಿಂಥೆಟಿಕ್ ಅಥವಾ ದೀರ್ಘ ಬಾಳಿಕೆಯ ಆಯಿಲ್ ಬರುತ್ತದೆ. ಅದು ತುಂಬ ದೂರ ಬಾಳುತ್ತದೆ. ಕಡಿಮೆಯಾಯಿತೆಂದು ಅದರ ಮೇಲೆ ಸಾದಾ 90 ಸುರಿದರೆ ಗೇರ್ ತಕ್ಷಣ ಕೆಡುವುದಿಲ್ಲ, ಆದರೆ ದೀರ್ಘ ಬಾಳಿಕೆಯ ಭರವಸೆ ಅಲ್ಲಿಗೆ ಮುಗಿಯಿತು. ಆಮೇಲೆ ಸಾದಾ ಆಯಿಲ್‌ನ ಲೆಕ್ಕದಲ್ಲೇ ಬದಲಿಸಬೇಕು.

ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಜಾರಿ ತಿರುಗದಂತೆ ತಡೆಯುವ) ಡಿಫರೆನ್ಷಿಯಲ್‌ಗೆ ಬೇರೆ ಆಯಿಲ್ ಬೇಕು ಅಂತ ಓದಿರುತ್ತೀರಿ. ಒಳಗೆ ಕ್ಲಚ್ ಪ್ಲೇಟ್ ಇರುವಂಥದ್ದಕ್ಕೆ ಅದು ನಿಜ, ಅದಕ್ಕೆ ಘರ್ಷಣೆ ಹದ ಮಾಡುವ ಮದ್ದು ಬೇಕು. ಟಿಪ್ಪರ್‌ಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಸ್ವಿಚ್ ಒತ್ತಿದರೆ ಕಚ್ಚಿಕೊಳ್ಳುವ ಡಿಫ್ ಲಾಕ್ ಹಲ್ಲಿನದ್ದು. ಅದಕ್ಕೆ ಬೇರೆ ಆಯಿಲ್ ಬೇಡ. ಅದನ್ನು ಕೆಸರಿನಲ್ಲಿ ಮಾತ್ರ ಬಳಸಿ, ಡಾಂಬರಿಗೆ ಬಂದ ಕೂಡಲೇ ಬಿಡಿ.

ಮಳೆ, ಉಪ್ಪು, ಮಟ್ಟ

ಕಾರವಾರದ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಘಟ್ಟ ಇಳಿದು ಬಿಸಿಯಾಗಿರುವ ಹೌಸಿಂಗ್ ನೀರು ತುಂಬಿದ ರಸ್ತೆಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತದೆ. ಆಗ ಬ್ರೀದರ್‌ನಿಂದಲೋ (ಹೌಸಿಂಗ್ ಮೇಲೆ ಗಾಳಿ ಆಡಲು ಇರುವ ಕಿಂಡಿ) ಸೀಲ್‌ನಿಂದಲೋ ನೀರು ಒಳಗೆ ಎಳೆದುಕೊಳ್ಳುತ್ತದೆ. ಬ್ರೀದರ್ ಕೆಂಪು ಮಣ್ಣಿನಲ್ಲಿ ಕಟ್ಟಿಕೊಂಡಿದ್ದರೆ ಉಲ್ಟಾ ತೊಂದರೆ. ಬಿಸಿಗಾಳಿ ಹೊರಗೆ ಹೋಗಲು ದಾರಿ ಸಿಗದೆ ಸೀಲ್‌ನಿಂದ ಆಯಿಲ್ ತಳ್ಳುತ್ತದೆ. ಸೀಲ್ ಕೆಟ್ಟಿತು ಅಂತ ಬದಲಿಸುತ್ತೇವೆ, ಮತ್ತೆ ಸೋರುತ್ತದೆ. ಹೌಸಿಂಗ್ ಮೇಲಿನ ಆ ಪುಟ್ಟ ಟೋಪಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸಡಿಲವಾಗಿ ತಿರುಗಬೇಕು.

ಮಳೆಗಾಲದಲ್ಲಿ ನೀರು ಹೋಗಿದೆಯಾ ಅಂತ ತಿಳಿಯಲು ರಾತ್ರಿಯಿಡೀ ನಿಂತ ಗಾಡಿಯ ಕೆಳಗಿನ ಡ್ರೇನ್ ಪ್ಲಗ್ಗನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ವಲ್ಪವೇ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ಬರುತ್ತದೆ. ಆಯಿಲ್ ಬಿಳಿಚಿಕೊಂಡು ನೊರೆ ಕಟ್ಟಿದ್ದರೆ ನೀರು ಬೆರೆತು ಹೋಗಿದೆ. ಅಂಥದ್ದನ್ನು ಸೋಸಿ ಬಳಸುವ ಮಾತೇ ಇಲ್ಲ, ಪೂರ್ತಿ ಬದಲಿಸಬೇಕು. ಬಣ್ಣ ಬರೀ ಕಪ್ಪಾಗಿದ್ದರೆ ಗಾಬರಿ ಬೇಡ, ಸುಟ್ಟ ವಾಸನೆ ಇದ್ದರೆ ಮಾತ್ರ ಯೋಚಿಸಿ.

ಬದಲಿಸುವಾಗ ಒಂದು ನಿಯಮ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಉಪ್ಪುನೀರಿಗೆ ತುಕ್ಕು ಹಿಡಿದ ಮೇಲಿನ ಪ್ಲಗ್ ಕೈಕೊಟ್ಟರೆ, ಆಯಿಲ್ ಖಾಲಿ ಮಾಡಿಟ್ಟ ಗಾಡಿ ಅಲ್ಲೇ ನಿಲ್ಲುತ್ತದೆ. ಗಾಡಿ ಸ್ವಲ್ಪ ಓಡಿ ಆಯಿಲ್ ಬೆಚ್ಚಗಿರುವಾಗ ಇಳಿಸಿದರೆ ಕಸವೂ ಜೊತೆಗೆ ಬರುತ್ತದೆ.

ಡ್ರೇನ್ ಪ್ಲಗ್‌ನ ತುದಿಯಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದನ್ನು ಒರೆಸಿ ಬಿಸಾಡುವ ಮೊದಲು ಬಿಸಿಲಿಗೆ ಹಿಡಿದು ನೋಡಿ. ಅದಕ್ಕೆ ಅಂಟಿದ ಬೂದು ಬಣ್ಣದ ಮೆತ್ತನೆಯ ಕೆಸರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ. ನುಣ್ಣಗೆ ಜಾರಿದರೆ ಅದು ಸಹಜ ಸವೆತ. ಮರಳಿನಷ್ಟು ತರಿ ಸಿಕ್ಕಿದರೆ ಬೇರಿಂಗ್ ಕಡೆ ಸಂಶಯ ಪಡಿ. ಚಪ್ಪಟೆ ಚೂರು, ಒಂದು ಬದಿ ಹೊಳೆಯುವ ತುಂಡು ಬಂದರೆ ಹಲ್ಲಿನ ಮೇಲ್ಮೈ ಎದ್ದು ಬಂದಿದೆ. ಆಯಿಲ್ ತುಂಬುವ ಮೊದಲು ಕ್ಯಾರಿಯರ್ ಇಳಿಸಿ ನೋಡುವುದೇ ಒಳ್ಳೆಯದು. ಆ ಚೂರು ಇನ್ನೊಂದು ಹಲ್ಲಿನ ನಡುವೆ ಸಿಕ್ಕಿದರೆ ಇಡೀ ಜೋಡಿ ಹೋಗುತ್ತದೆ.

ಮಟ್ಟದ ವಿಷಯದಲ್ಲಿ ನಡೆಯುವ ತಪ್ಪು ಒಂದೇ ತರದ್ದು. ಬೆರಳು ಹಾಕಿ, ತುದಿಗೆ ಆಯಿಲ್ ತಾಗಿದರೆ "ಇದೆ ಅಣ್ಣಾ" ಅಂತ ಪ್ಲಗ್ ಹಾಕುತ್ತಾರೆ. ತಾಗಿದರೆ ಸಾಲದು. ಸಮತಟ್ಟು ನೆಲದಲ್ಲಿ ಆಯಿಲ್ ತೂತಿನ ಕೆಳ ಅಂಚಿಗೆ ಸರಿಯಾಗಿ ಬಂದು ಹೊರಗೆ ಜಿನುಗಬೇಕು. ಘಟ್ಟ ಹತ್ತುವಾಗ ಗಾಡಿ ಹಿಂದಕ್ಕೆ ವಾಲುತ್ತದೆ, ಆಯಿಲ್ ಹಿಂದೆ ಸರಿಯುತ್ತದೆ, ಮುಂದಿರುವ ಪಿನಿಯನ್ ಬೇರಿಂಗ್‌ಗೆ ಕಡಿಮೆ ಸಿಗುತ್ತದೆ. ಒಂದು ಇಂಚು ಕಡಿಮೆ ಇದ್ದರೂ ಅಲ್ಲಿ ಗೊತ್ತಾಗುತ್ತದೆ. ದೊಡ್ಡ ಲಾರಿಯ ಹೌಸಿಂಗ್ ಹತ್ತು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ, ಪಿಕಪ್‌ನದ್ದು ಒಂದೆರಡು ಲೀಟರ್.

ಇರಲಿ ಅಂತ ಒಂದು ಲೀಟರ್ ಜಾಸ್ತಿ ತುಂಬುವುದೂ ಸರಿಯಲ್ಲ. ಹೆಚ್ಚಾದ ಆಯಿಲ್ ಶಾಫ್ಟ್ ಗುಂಟ ಹಬ್‌ಗೆ ಹೋಗಿ, ಸೀಲ್ ದಾಟಿ, ಬ್ರೇಕ್ ಲೈನರ್ ಮೇಲೆ ಕೂರುತ್ತದೆ. ಅರಬೈಲ್ ಇಳಿಯುವಾಗ ಒಂದು ಚಕ್ರದ ಲೈನರ್ ಜಿಡ್ಡಾಗಿದ್ದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಉಳಿದ ಚಕ್ರಗಳ ಬ್ರೇಕ್ ಬೇಗ ಕಾಯುತ್ತದೆ. ಹಾಗಾಗಿ ಹೊಸ ಆಯಿಲ್ ಹಾಕಿ ಮೊದಲ ಘಟ್ಟ ಇಳಿದ ಮೇಲೆ ಗಾಡಿ ನಿಲ್ಲಿಸಿ ಹಿಂದಿನ ಡ್ರಮ್‌ಗಳ ಒಳಬದಿ, ಪಿನಿಯನ್ ಸೀಲ್, ಎರಡೂ ಪ್ಲಗ್ ಮೂರನ್ನೂ ಟಾರ್ಚ್ ಹಾಕಿ ನೋಡಿ. ಒದ್ದೆ ಕಂಡರೆ ಒರೆಸಿ, ಇನ್ನೊಂದು ಟ್ರಿಪ್ ಆದ ಮೇಲೆ ಮತ್ತೆ ನೋಡಿ. ಮತ್ತೆ ಒದ್ದೆಯಾಗಿದ್ದರೆ ಸೀಲ್ ಬದಲಿಸಿ. ಆಕ್ಸಲ್ ಮಾಡೆಲ್, ರೇಶಿಯೋ, ಯಾವ ಜಿಎಲ್, ಯಾವ ನಂಬರ್ ಆಯಿಲ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರ್‌ಗೆ ಹಾಕಿದ್ದು ಅಂತ ಕ್ಯಾಬಿನ್ ಬಾಗಿಲಿನ ಒಳಬದಿಯಲ್ಲಿ ಪೇಂಟ್‌ನಲ್ಲಿ ಬರೆದಿಡಿ. ಡ್ರೈವರ್ ಬದಲಾದರೂ, ಗಾಡಿ ಕೈ ಬದಲಾದರೂ, ಮುಂದಿನವರು ಅಂಗಡಿಯಲ್ಲಿ ಸರಿಯಾದ ಡಬ್ಬಿ ಕೇಳುತ್ತಾರೆ.